ಪುಕ್ಕಟೆ ಡೆಲಿವರಿ

"ಈ ಕೊರಿಯರ್ ಕಂಪನಿಯವರ ಸೊಕ್ಕು ಮುರಿಯದಿದ್ರೆ ನಾನು ನಿನ್ನ ಗಂಡನೇ ಅಲ್ಲ!"

ಶನಿವಾರ ಹೀಗೆಂದು ಘೋಷಿಸಿದೆ. ಹೆಂಡತಿ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ.

"ಅಷ್ಟು ದೊಡ್ಡ ಪಣ ಬೇಡ ರೀ. ಸೋತ್ರೆ ಎಲ್ಲಿಗೆ ಹೋಗ್ತೀರಿ?"

ಅವಳು ಒರಗುದಿಂಬು ಹೊಲಿದು ಆನ್‌ಲೈನಿನಲ್ಲಿ ಮಾರುತ್ತಾಳೆ. ದಿಂಬಿಗೆ ತೂಕವಿಲ್ಲ, ಗಾತ್ರ ಮಾತ್ರ ಭರ್ಜರಿ. ಕೊರಿಯರಿನವರು ಈಗ ಡಬ್ಬದ ಉದ್ದಗಲ ಅಳೆದು ದುಡ್ಡು ಕೀಳುತ್ತಾರೆ. ಒಂದೇ ವರ್ಷದಲ್ಲಿ ಮೂರು ಸಲ ದರ ಏರಿತು. ಏರಿದ್ದನ್ನೆಲ್ಲ ಇವಳೇ ನುಂಗಿಕೊಂಡಿದ್ದರಿಂದ ಈಗ ಹೊಲಿದ ಕೂಲಿಯೂ ಗಿಟ್ಟುತ್ತಿರಲಿಲ್ಲ.

"ಆ ಖರ್ಚನ್ನ ಗಿರಾಕಿಗಳ ಹತ್ರಾನೇ ಕೇಳು."

"ಕೇಳಿದ್ರೆ ಬೇರೆ ಅಂಗಡಿಗೆ ಹೋಗ್ತಾರೆ. ಇನ್ನೊಂದು ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಮೆಷಿನ್ನಿಗೆ ಬಟ್ಟೆ ಹೊದಿಸಿಬಿಡ್ತೀನಿ."

ಜಗಳದ ದನಿಯಲ್ಲಿ ಹೇಳಿದ್ದರೆ ಸಹಿಸಬಹುದಿತ್ತು, ತಣ್ಣಗೆ ಹೇಳಿದಳು. ಆ ಮೆಷಿನ್ನಿನ ಸದ್ದಿಲ್ಲದ ಮನೆಯನ್ನು ನೆನೆದು ನನಗೆ ನಿಜಕ್ಕೂ ಸಂಕಟವಾಯಿತು. ಭಾನುವಾರ ಬೆಳಿಗ್ಗೆಯೇ ಊರೊಳಗಿನ ನಾಲ್ಕು ಆರ್ಡರಿನ ಡಬ್ಬಗಳನ್ನು ಸ್ಕೂಟರಿಗೆ ಬಿಗಿದು ದಂಡಯಾತ್ರೆ ಹೊರಟೆ.

"ಹತ್ತು ಗಂಟೆಗೆ ವಾಪಸ್! ತಿಂಡಿ ರೆಡಿ ಇರಲಿ!"

ಮೊದಲ ಮನೆಗೆ ಬೀಗ. ಫೋನ್ ಮಾಡಿದರೆ, "ಭಾನುವಾರ ಯಾರ್ರೀ ಮನೇಲಿರ್ತಾರೆ?" ಎಂದು ನನ್ನನ್ನೇ ಗದರಿದರು. ಎರಡನೆಯದು 'ನೀಲಿ ಗೇಟಿನ ಮನೆ'. ಆ ಬೀದಿಯಲ್ಲಿ ನೀಲಿ ಗೇಟುಗಳು ಐದು, ಐದನೆಯದರೊಳಗೆ ನಾಯಿ! ನಮ್ಮಿಬ್ಬರಲ್ಲಿ ಯಾರು ಚೆನ್ನಾಗಿ ಓಡುತ್ತಾರೆಂಬುದು ತೀರ್ಮಾನವಾಯಿತೇ ಹೊರತು ಗಿರಾಕಿಯ ಮನೆ ಸಿಗಲಿಲ್ಲ. ಮೂರನೆಯವರು ಡಬ್ಬ ಬಿಚ್ಚಿ ನೋಡಿ, "ಫೋಟೋದಲ್ಲಿ ಇನ್ನೂ ಕೆಂಪಗಿತ್ತು" ಎಂದು ವಾಪಸು ಕೈಗಿತ್ತರು.

ನಾಲ್ಕನೆಯದು ಐದನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ಹೊತ್ತು ಮಧ್ಯಾಹ್ನ ಎರಡಾಗಿ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಬಾಗಿಲು ತೆರೆದ ಅಜ್ಜಿ ದಿಂಬನ್ನು ಸೋಫಾದ ಮೇಲಿಟ್ಟು ಒತ್ತಿ ನೋಡಿದರು.

"ಚೆನ್ನಾಗಿದೆ ಕಣಪ್ಪಾ. ಕೂತ್ಕೋ, ನೀರು ತರ್ತೀನಿ."

ಕೂತೆ. ಒರಗಿದೆ. ಅಷ್ಟೇ ನೆನಪು!

ಎಚ್ಚರವಾದಾಗ ಸಂಜೆ ಐದು. ಮೈಮೇಲೆ ಹೊದಿಕೆ, ಪಕ್ಕದಲ್ಲಿ ನೀರಿನ ಲೋಟ, ಎದುರಿಗೆ ಅಜ್ಜಿಯ ಇಡೀ ಸಂಸಾರ.

"ಗೊರಕೆ ಕೇಳಿ ಪಕ್ಕದ ಮನೆಯವರೂ ಬಂದು ನೋಡ್ಕೊಂಡು ಹೋದ್ರು," ಎಂದರು ಅಜ್ಜಿ, ಅಕ್ಕರೆಯಿಂದಲೇ.

ಮನೆಗೆ ಬಂದು ಉಳಿದ ಮೂರು ಡಬ್ಬ ಇಳಿಸಿ ಎಲ್ಲವನ್ನೂ ಒಪ್ಪಿಕೊಂಡೆ. ಡೆಲಿವರಿಯವರು ದಿನಕ್ಕೆ ಅರವತ್ತು ಮನೆ ಹತ್ತಿಳಿಯುತ್ತಾರೆ. ನಾಲ್ಕೇ ಮನೆಗೆ ನಾನು ಮಕಾಡೆ ಬಿದ್ದಿದ್ದೆ. ನಾಚಿಕೆಯಾಯಿತು. ಹೆಂಡತಿ ನಗಲಿಲ್ಲ. ಬಿಸಿನೀರಿನ ಬಕೆಟ್ಟು ತಂದು ನನ್ನ ಕಾಲ ಬಳಿ ಇಟ್ಟು, ಫೋನ್ ತೆರೆದಳು.

ಅಜ್ಜಿಯ ಅಭಿಪ್ರಾಯ ಅವಳ ಅಂಗಡಿಯ ಪುಟದಲ್ಲಿ ಆಗಲೇ ಬಂದು ಕೂತಿತ್ತು. 'ದಿಂಬು ಬಹಳ ಮೆತ್ತಗಿದೆ. ತಂದವರೇ ಮೂರು ಗಂಟೆ ಮಲಗಿ ತೋರಿಸಿದರು.' ಜೊತೆಗೆ ನನ್ನ ಫೋಟೋ, ಬಾಯಿ ತೆರೆದದ್ದು!

ಹೆಂಡತಿ ಒಂದು ಕ್ಷಣ ಯೋಚಿಸಿ, ಅದರ ಕೆಳಗೇ ಎರಡು ಸಾಲು ಸೇರಿಸಿದಳು. 'ಕೊರಿಯರ್ ಮೂಲಕವಾದರೆ ಖರ್ಚು ನಿಮ್ಮದು. ಫೋಟೋದಲ್ಲಿರುವವರು ತಂದುಕೊಟ್ಟರೆ ಪುಕ್ಕಟೆ.'

ಆ ವಾರ ಒಟ್ಟು ಹನ್ನೊಂದು ಆರ್ಡರ್!

"ನೋಡಿದ್ಯಾ ನನ್ನ ಪ್ರತಾಪ!" ಎಂದು ಎದೆಯುಬ್ಬಿಸಿ ಸ್ಕೂಟರಿನ ಕೀ ಎತ್ತಿಕೊಂಡೆ.

"ಕೀ ಅಲ್ಲೇ ಇಡಿ ರೀ," ಎಂದಳು, ಮೆಷಿನ್ ತುಳಿಯುತ್ತಲೇ. "ಹನ್ನೊಂದು ಜನಾನೂ ದುಡ್ಡು ಕೊಟ್ಟು ಕೊರಿಯರ್ರೇ ಕೇಳಿದಾರೆ."