ಸೋತಿದ್ದು ಭಾವ ಅಲ್ಲ, ಕೋಲು

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಪೂಲ್ ಆಟದಲ್ಲಿ ಒಂದೇ ಒಂದು ಸಲವೂ ಸೋತವರಲ್ಲ. ಅನುಮಾನವಿದ್ದರೆ ಅವರನ್ನೇ ಕೇಳಿ! ಸೋತಿದ್ದೆಲ್ಲ ಅವರ ಕೋಲು. ಒಂದು ಸಲ ಕೋಲಿಗೆ ಥಂಡಿ ಹಿಡಿದಿತ್ತು. ಇನ್ನೊಂದು ಸಲ ಅದರ ತುದಿ ದಪ್ಪವಾಗಿತ್ತು. ಮತ್ತೊಂದು ಸಲ ಎದುರಾಳಿಯ ಕೋಲು ಅನ್ಯಾಯವಾಗಿ ನೆಟ್ಟಗಿತ್ತು!

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಮ್ಮ ಕಡೆ ಪೂಲ್ ಪಾರ್ಲರುಗಳು ನಾಯಿಕೊಡೆಗಳ ಹಾಗೆ ಎದ್ದಿದ್ದವು. ವಿಜಯನಗರದಲ್ಲಿ ಒಂದು ದರ್ಶಿನಿ ಹೋಟೆಲಿನ ಮೇಲಿನ ಮಹಡಿಯಲ್ಲೂ ಒಂದಿತ್ತು. ಹಸಿರು ಬಟ್ಟೆ ಹೊದಿಸಿದ ಮೇಜು, ಬಣ್ಣಬಣ್ಣದ ಚೆಂಡುಗಳು. ಉದ್ದನೆಯ ಕೋಲಿನಿಂದ ಬಿಳಿ ಚೆಂಡಿಗೆ ಹೊಡೆದು, ಅದರಿಂದ ಬೇರೆ ಚೆಂಡುಗಳನ್ನು ಮೇಜಿನಂಚಿನ ತೂತುಗಳಿಗೆ ಬೀಳಿಸಬೇಕು. ಆಟ ಇಷ್ಟೇ. ಸಂಜೆ ಬ್ಯಾಂಕು ಮುಗಿಸಿ ಭಾವ ಸ್ಕೂಟರಿನಲ್ಲಿ ನೇರ ಅಲ್ಲಿಗೆ ಹೋಗುತ್ತಿದ್ದರು. ಅವರು ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಕಾಲೇಜು ಹುಡುಗರು “ಅಂಕಲ್ ಬಂದ್ರು ಮಗಾ!” ಅಂತ ಖುಷಿಪಡುತ್ತಿದ್ದರಂತೆ. ಅಂಕಲ್ ಬಂದರೆ ಗೆಲುವು ಗ್ಯಾರಂಟಿ. ಹುಡುಗರದ್ದು!

ಈ ಕೋಲಿನ ಹುಚ್ಚು ಮದುವೆಗೂ ಮುಂಚಿನದು. ಹೆಣ್ಣು ನೋಡಲು ಬಸವೇಶ್ವರನಗರದ ನಮ್ಮ ಮನೆಗೆ ಬಂದ ದಿನ, ಉಪ್ಪಿಟ್ಟು ಕೇಸರಿಬಾತು ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಅಮ್ಮ ಇಣುಕಿದರೆ, ಹೂ ಕೀಳುವ ನಮ್ಮ ದೋಟಿಯನ್ನು ಮುಖದ ಮಟ್ಟಕ್ಕೆತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಅದರ ಉದ್ದಕ್ಕೂ ದಿಟ್ಟಿಸುತ್ತಿದ್ದಾರೆ! ಅಮ್ಮ ಒಳಗೆ ಓಡಿಬಂದು ಅಪ್ಪನ ಕಿವಿಯಲ್ಲಿ, “ರೀ, ಹುಡುಗನಿಗೆ ಒಂದು ಕಣ್ಣು ಕಾಣಿಸಲ್ಲ ಅನ್ಸುತ್ತೆ” ಅಂದರು. ಅಷ್ಟರಲ್ಲಿ ಭಾವ ಬಂದು ಗಂಭೀರವಾಗಿ, “ನಿಮ್ಮ ದೋಟಿ ಎಡಕ್ಕೆ ಬಾಗಿದೆ ಸಾರ್” ಅಂದರು.

“ಹೂವು ಬೀಳುತ್ತಲ್ಲಪ್ಪಾ, ಸಾಕು” ಅಂದರು ಅಪ್ಪ. ಮಾವ ಅಳಿಯಂದಿರ ಜುಗಲಬಂದಿ ಅಲ್ಲಿಂದಲೇ ಶುರುವಾಯಿತು.

ಅಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತು ನಿಂತೇ ನಿವೃತ್ತರಾದವರು. ತಾವು ಕಡೆದ ಕಬ್ಬಿಣದ ಮೇಲೆ ಬಲಗೈ ಬೆರಳಾಡಿಸಿ, ಕೂದಲೆಳೆಯಷ್ಟು ಏರುಪೇರಿದ್ದರೂ ಹೇಳುತ್ತಿದ್ದರು. ಆ ಕೈಯ ಮೇಲೆ ಅವರಿಗೆ ಎಲ್ಲಿಲ್ಲದ ಹೆಮ್ಮೆ. ಹಾಗಾಗಿ ಸಲಕರಣೆಯನ್ನು ಬೈಯುವವರನ್ನು ಕಂಡರೆ ಆಗದು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಳಿಯಂದ್ರು ಪಾಪ ನೆಲಕ್ಕೇನೂ ಅನ್ನಲ್ಲ, ಕೋಲು ಡೊಂಕು ಅಂತಾರೆ” ಅನ್ನುತ್ತಿದ್ದರು. ಭಾವನ ಎದುರಿಗೇ!

ಭಾವ ಬಗ್ಗುವವರೇ? ಊಟಕ್ಕೆ ಬಂದಾಗಲೆಲ್ಲ ಪಾಠ ಶುರು. ಚೆಂಡಿನ ನಡುವಿಗೆ ಹೊಡೆಯದೆ ಒಂದು ಪಕ್ಕಕ್ಕೆ ಹೊಡೆದರೆ ಅದು ಅಂದುಕೊಂಡ ದಾರಿ ಬಿಟ್ಟು ಸ್ವಲ್ಪ ಆಚೆ ಸರಿಯುತ್ತದಂತೆ. ಕೋಲಿನ ತುದಿ ಭಾರವಾಗಿದ್ದಷ್ಟೂ ಹೆಚ್ಚು ಸರಿಯುತ್ತದೆ, ಹಗುರವಾಗಿದ್ದರೆ ಕಡಿಮೆ. ಇದನ್ನು ಬರೀ ಬಾಯಲ್ಲಿ ಹೇಳಿ ಬಿಟ್ಟಿದ್ದರೆ ನಾವೂ ನಂಬುತ್ತಿದ್ದೆವು. ಒಂದು ಭಾನುವಾರ ಲಟ್ಟಣಿಗೆ ತೆಗೆದುಕೊಂಡು, ಊಟದ ಮೇಜಿನ ಮೇಲೆ ನಿಂಬೆಹಣ್ಣಿಟ್ಟು ಹೊಡೆದು ತೋರಿಸಿದರು. ನಿಂಬೆಹಣ್ಣು ದಾರಿ ಬಿಟ್ಟು ಸೀದಾ ಸಾರಿನ ಪಾತ್ರೆಗೆ ಬಿತ್ತು. “ನೋಡಿದ್ರಾ? ಲಟ್ಟಣಿಗೆ ತುದಿ ಭಾರ!” ಅಂತ ಭಾವ ವಿಜಯದ ನಗೆ ಬೀರಿದರು. ಮುಖದ ಮೇಲಿನ ಸಾರು ಒರೆಸಿಕೊಳ್ಳುತ್ತಾ ಅಪ್ಪ, “ನೋಡ್ದೆ” ಅಂದರು.

ಅವರ ಸ್ವಂತ ಕೋಲು ಮೇಪಲ್ ಮರದ್ದು. ಮೂಲೆಗೆ ಒರಗಿಸಿಟ್ಟರೆ ಬಾಗುತ್ತದೆ, ಮಳೆಗಾಲದಲ್ಲಿ ನೆಲದ ಶೀತ ಹೀರುತ್ತದೆ. ಆದ್ದರಿಂದ ಅದು ಹಾಸಿಗೆಯ ಮೇಲೆ, ಭಾವನ ಹಳೇ ಬನಿಯನ್ನು ಹೊದ್ದು ಮಲಗುತ್ತಿತ್ತು. “ನಂಗೆ ಸೊಂಟ ನೋವು ಅಂದ್ರೆ ಚಾಪೆ ಮೇಲೆ ಮಲಗು ಅಂತಾರೆ ಕಣೇ. ಅದಕ್ಕೆ ಹಾಸಿಗೆ!” ಅಂತ ಅಕ್ಕ ನನ್ನ ಹತ್ತಿರ ಗೋಳಾಡುತ್ತಿದ್ದಳು.

ಪಾರ್ಲರಿನವನು ಒಮ್ಮೆ ಫೈಬರ್ ಕೋಲು ತಂದಿಟ್ಟ. ಬಾಗುವುದಿಲ್ಲ, ಶೀತದ ಭಯವಿಲ್ಲ. ಭಾವ ಒಂದೇ ಏಟು ಹೊಡೆದು, ಕೆಂಡ ಮುಟ್ಟಿದವರಂತೆ ಕೆಳಗಿಟ್ಟರು. “ಅದು ಕೋಲಲ್ಲಮ್ಮ, ನಲ್ಲಿ ಪೈಪು. ಒಳ್ಳೆ ಮರ ಏಟನ್ನ ತಾನೇ ನುಂಗಿಕೊಳ್ಳುತ್ತೆ. ಇದು ಮೊಳಕೈವರೆಗೂ ಝುಂ ಅನ್ಸುತ್ತೆ. ಸತ್ರೂ ಮುಟ್ಟಲ್ಲ!” ಎಂದು ನನ್ನೆದುರು ಶಪಥ ಮಾಡಿದರು.

ಹೀಗೆ ನಗುನಗುತ್ತಾ ಇದ್ದ ಮನೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ನಡಿಗೆ ಮರಳಿತು. ಬಲಗೈ ಅಲ್ಲಾಡುತ್ತಿತ್ತು, ಆದರೆ ಅದಕ್ಕೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಬಿಸಿ ಲೋಟ, ತಣ್ಣನೆ ಲೋಟ, ಎಲ್ಲ ಒಂದೇ. ಅನ್ನ ಕಲಸಲು ಹೋದರೆ ತಟ್ಟೆ ಎಲ್ಲಿ ಮುಗಿಯಿತು, ಮೇಜು ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಅಪ್ಪ ನಮ್ಮ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟರು. ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದರು. ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಉರುಳಿಸಿಬಿಟ್ಟಿದ್ದರು. ಕೈಯನ್ನು ಟವೆಲ್ಲಿನಡಿ ಮುಚ್ಚಿಟ್ಟು ಕೂತ ಅಪ್ಪನನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ಒಂದು ಸಂಜೆ ಭಾವ ಬಂದವರೇ, “ಹೊರಡಿ ಮಾವ, ಒಂದು ಕೆಲಸ ಇದೆ” ಅಂದರು. ಆಟೋದಲ್ಲಿ ಕೂರಿಸಿ, ಜೊತೆಗೆ ನನ್ನನ್ನೂ ಹತ್ತಿಸಿ, ಕರೆದೊಯ್ದಿದ್ದು ಎಲ್ಲಿಗೆ ಅಂತೀರಿ? ಪೂಲ್ ಪಾರ್ಲರಿಗೆ! ಕೆಳಗಿನ ದರ್ಶಿನಿಯ ವಡೆಯ ವಾಸನೆ ತುಂಬಿದ್ದ ಆ ಮಹಡಿಗೆ ಹೆಂಗಸರು ಅಂತ ಹತ್ತಿದ್ದು ನಾನೇ ಮೊದಲಿರಬೇಕು. ಹುಡುಗರು ಗಾಬರಿಯಿಂದ ದಾರಿ ಬಿಟ್ಟರು.

ಭಾವ ತಮ್ಮ ಮೇಪಲ್ ಕೋಲನ್ನು ಅಪ್ಪನ ಬಲಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಮೇಲಿಂದ ತಮ್ಮ ಕೈ ಹಿಡಿದು ಹೊಡೆಸಿದರು.

“ಏನಾದ್ರೂ ಗೊತ್ತಾಯ್ತಾ ಮಾವ?”

“ಏನೂ ಇಲ್ಲ. ನಡೀರಿ ಮನೆಗೆ.”

ಆಮೇಲೆ ಭಾವ ಮೂಲೆಗೆ ಹೋಗಿ, ಸತ್ತರೂ ಮುಟ್ಟುವುದಿಲ್ಲ ಅಂದಿದ್ದ ಆ ನಲ್ಲಿ ಪೈಪನ್ನು ಎತ್ತಿಕೊಂಡು ಬಂದರು. ನಾನು ಕಣ್ಣರಳಿಸಿ ನೋಡಿದೆ. “ಮರ ಏಟನ್ನ ನುಂಗುತ್ತಲ್ಲಮ್ಮ. ಇವರ ಕೈಗೆ ಈಗ ಏಟೇ ಬೇಕು” ಅಂದರು ಮೆಲ್ಲಗೆ. ಮತ್ತೆ ಬೆರಳು ಮಡಚಿ, ಜೋರಾಗಿ ಹೊಡೆಸಿದರು. ಟಣ್!

ಅಪ್ಪ ಕೈಯನ್ನೇ ನೋಡುತ್ತಾ ನಿಂತರು. “ಝುಂ ಅಂತು.”

“ಎಲ್ಲಿ ಮಾವ?”

“ಇಲ್ಲಿ. ಹೆಬ್ಬೆರಳ ಬುಡದಲ್ಲಿ.” ಅಳಿಯನಿಗೆ ಯಾವತ್ತೂ ಬಹುವಚನ ತಪ್ಪದ ಅಪ್ಪ ಮಗುವಿನ ಹಾಗೆ ಕೂಗಿದರು, “ಇನ್ನೊಂದ್ಸಲ ಹೊಡ್ಸೋ!”

ಫೈಬರ್ ಕೋಲಿನಿಂದ ಲಕ್ವ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಾಳೆ ನೀವೆಲ್ಲ ಪಾರ್ಲರಿಗೆ ನುಗ್ಗೀರಿ! ಆದರೆ ಆ ಝುಂ ಸಿಕ್ಕಿದ ಮೇಲೆ ಅಪ್ಪ ಕೈಯ ಆಸೆ ಬಿಡಲಿಲ್ಲ. ರಬ್ಬರ್ ಚೆಂಡು ಮಂಚದ ಕೆಳಗಿನಿಂದ ಈಚೆ ಬಂತು. ಸಂಜೆ ಆಯಿತೆಂದರೆ ಅಪ್ಪ ಶರ್ಟು ತೊಟ್ಟು ಗೇಟಿನ ಹತ್ತಿರ ನಿಂತಿರುತ್ತಿದ್ದರು.

ತಿಂಗಳುಗಳು ಕಳೆದ ಮೇಲೆ ಒಂದು ದಿನ ಇಬ್ಬರೂ ಎದುರುಬದುರು ಆಡಿದರು. ನಾನೂ ಹೋಗಿದ್ದೆ. ಕೊನೆಯ ಚೆಂಡು ತೂತಿನ ಬಾಯಲ್ಲೇ ಇತ್ತು, ಉಫ್ ಅಂದರೆ ಬೀಳಬೇಕು. ಭಾವ ಹೊಡೆದರು, ತಪ್ಪಿತು. ಬೇಕೆಂದೇ ತಪ್ಪಿಸಿದರೋ, ತಾನಾಗಿ ತಪ್ಪಿತೋ? ಅವರ ಆಟ ಬಲ್ಲವರು ಯಾರೂ ಹೇಳಲಾರರು! ಅಪ್ಪ ಬಲಗೈಯಲ್ಲಿ ಫೈಬರ್ ಕೋಲು ಹಿಡಿದು ತಾವೊಬ್ಬರೇ ಹೊಡೆದರು. ಚೆಂಡು ಒಳಗೆ ಬಿತ್ತು. ಹುಡುಗರು ಶಿಳ್ಳೆ ಹೊಡೆದರು.

ಕೆಳಗಿನ ದರ್ಶಿನಿಯಲ್ಲಿ ಇಡ್ಲಿ ತೆಗೆದುಕೊಂಡು ನಿಂತೆವು. ಈ ಸಲ ಕೋಲಿಗೆ ಏನು ಕಾಯಿಲೆಯೋ ಅಂತ ನಾನು ಕಾಯುತ್ತಿದ್ದೆ. ಭಾವ ತಮ್ಮ ಕೋಲನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದರು.

“ಕೋಲು ನೆಟ್ಟಗೇ ಇದೆ ಮಾವ. ನಾನೇ ಸೋತೆ.”

ಅಪ್ಪ ಎಲ್ಲರೆದುರಿಗೂ ಬಲಗೈಯಲ್ಲಿ ಇಡ್ಲಿ ಮುರಿದು, ಅರ್ಧ ಸಾಂಬಾರನ್ನು ಶರ್ಟಿನ ಮೇಲೆ ಚೆಲ್ಲಿಕೊಂಡು, ಬಾಯಿಗಿಟ್ಟುಕೊಂಡರು.

“ಸುಮ್ನಿರೋ. ಸೋತಿದ್ದು ನೀನಲ್ಲ, ನಿನ್ನ ಕೋಲು.”

ಭಾವ ಮುಖ ತಿರುಗಿಸಿ, ಚಟ್ನಿ ತರ್ತೀನಿ ಅಂತ ಕೌಂಟರಿನ ಕಡೆ ಹೋದರು. ಮೂವರ ತಟ್ಟೆಯಲ್ಲೂ ಚಟ್ನಿ ಬೇಕಾದಷ್ಟಿತ್ತು.