ಅತ್ತೆ ಮಶೀನು, ಸೊಸೆ ಮಶೀನು ಮತ್ತು ನಮ್ಮ ಚಾಚಾ

ಎರಡಕ್ಕೆ ಎರಡು ಕೂಡಿದರೆ ನಾಲ್ಕು ಎಂದು ನೀವು ಊರೆಲ್ಲ ಹೇಳಿಕೊಂಡು ತಿರುಗಬಹುದಿತ್ತು, ನಮ್ಮ ಚಾಚಾನ ಮುಂದೆ ಮಾತ್ರ ಹೇಳುವಂತಿರಲಿಲ್ಲ. ಅವರು ಕನ್ನಡಕವನ್ನು ಹಣೆಗೇರಿಸಿ, ನಿಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಯಾವ ಮಶೀನ್ ಮ್ಯಾಲ?” ಎಂದು ಕೇಳುತ್ತಿದ್ದರು. ಬಾಯಿಲೆಕ್ಕ ಅಂದಿರೋ, ಮುಗಿಯಿತು! ಆ ದಿನದಿಂದ ನೀವು ಅವರ ಪಾಲಿಗೆ “ಅಂದಾಜ್ ಮನಶ್ಯಾ.” ಚಾಚಾನ ಬಾಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವನ್ನು ನಾನು ಕೇಳಿಲ್ಲ.

ಚಾಚಾ ಅಂದರೆ ನನಗೇನೂ ರಕ್ತಸಂಬಂಧವಲ್ಲ. ಎಪ್ಪತ್ತರ ದಶಕದಲ್ಲಿ ವಿಜಾಪುರದ ಒಂದು ಕಚೇರಿಯಲ್ಲಿ ನನಗಿಂತ ಮೂವತ್ತು ವರ್ಷ ಹಿರಿಯ ಗುಮಾಸ್ತರು. ಯಾವ ಹಳ್ಳಿಯಲ್ಲಿ ಎಕರೆಗೆ ಎಷ್ಟು ಜೋಳ ಬೆಳೆಯಿತು, ಎಷ್ಟು ತೊಗರಿ ಬೆಳೆಯಿತು ಎಂದು ಸರಾಸರಿ ತೆಗೆಯುವುದೇ ನಮ್ಮ ಕೆಲಸ. ನಾನು ಕನಮಡಿ ಕಡೆಯಿಂದ ಬಂದ ಹೊಸಬ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸಾಹೇಬರು ಸೀನಿದರೂ ಎದ್ದು ನಿಲ್ಲುತ್ತಿದ್ದೆ. ಬಾಡಿಗೆ ಖೋಲಿಯಲ್ಲಿ ಒಲೆ ಹಚ್ಚಲು ಬಾರದ ನನ್ನನ್ನು ಭಾನುವಾರಕ್ಕೊಮ್ಮೆ ಊಟಕ್ಕೆ ಕರೆಯುತ್ತಿದ್ದವರು ಚಾಚಾ ಒಬ್ಬರೇ.

ಊಟವೆಂದರೆ ಊಟವೇ? ಅಲ್ಲಿಯೂ ತಪಾಸಣೆ! ಚಾಚಿಯ ಬಳಿ ಎರಡು ಹಂಚುಗಳಿದ್ದವು. ಹಳೆಯದರ ಮೇಲೆ ಹಾಕಿದ ರೊಟ್ಟಿ ಉಬ್ಬುತ್ತಿತ್ತು, ಹೊಸದರ ಮೇಲಿನದು ಉಬ್ಬುತ್ತಿರಲಿಲ್ಲ. ಯಾಕೆ? ಒಂದು ಭಾನುವಾರ ಚಾಚಾ ಹಂಚು ಬದಲಿಸಿದರು, ಒಲೆ ಬದಲಿಸಿದರು, ಕಡೆಗೆ ಎಡಕ್ಕೆ ಕೂತಿದ್ದ ಚಾಚಿಯನ್ನೇ ಎಬ್ಬಿಸಿ ಬಲಕ್ಕೆ ಕೂಡಿಸಿದರು. ನಾನು ತಾಟು ಮುಂದಿಟ್ಟುಕೊಂಡು ಹಸಿದು ಕೂತಿದ್ದೆ.

“ಹಿಟ್ಟ ಒಂದ, ನೀರ ಒಂದ, ಬಡಿಯೂ ಕೈನೂ ಒಂದ. ಹಂಗಾರ ಫರಕ್ ಎಲ್ಲಿಂದ ಬಂತು?” ಎಂದರು ಚಾಚಾ.

“ತಿನ್ನು ಬಾಯೀನೂ ಒಂದ ಐತಿ. ಅದನ್ನ ಮುಚ್ಚಿಕೊಂಡು ತಿನ್ರಿ!” ಎಂದರು ಚಾಚಿ.

ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆಂದು ಚಾಚಾ ಒಂದು ನಿಮಿಷ ಗಂಭೀರವಾಗಿ ವಿಚಾರ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಕಚೇರಿಯ ಮಶೀನುಗಳ ಮಾತು. ಈಗಿನವರು ಲೆಕ್ಕದ ಮಶೀನು ಅಂದರೆ ಅಂಗೈಯಲ್ಲಿ ಹಿಡಿಯುವಂಥದ್ದು ಅಂದುಕೊಂಡಾರು. ಆಗಿನದು ಮೇಜಿನ ಮೇಲೆ ಕೂರುತ್ತಿದ್ದ ಕಬ್ಬಿಣದ ಗಡವ. ಕಡ್ಡಿ ಸರಿಸಿ ಅಂಕಿ ಹಚ್ಚಬೇಕು, ಪಕ್ಕದ ಹಿಡಿಕೆಯನ್ನು ಗರಗರ ತಿರುವಬೇಕು, ಆಮೇಲೆ ಸಣ್ಣ ಸಣ್ಣ ಕಿಟಕಿಗಳಲ್ಲಿ ಉತ್ತರ ಮೂಡುತ್ತಿತ್ತು. ಲೆಕ್ಕ ಸೊನ್ನೆಯ ಕೆಳಗೆ ಹೋದರೆ ಟಣ್ ಎಂದು ಗಂಟೆ ಬೇರೆ! ನಮ್ಮಲ್ಲಿ ಹದಿನೆಂಟು ವರ್ಷದ ಹಳೆಯದೊಂದಿತ್ತು. ಆ ವರ್ಷ ಅದರದೇ ಸುಧಾರಿಸಿದ ಹೊಸ ನಮೂನೆ ಬಂದಿತು. ಮೊದಲ ದಿನವೇ ಚಾಚಾ ಹಳೆಯದಕ್ಕೆ ಅತ್ತಿ, ಹೊಸದಕ್ಕೆ ಸೊಸಿ ಎಂದು ಹೆಸರಿಟ್ಟರು. ಬೆಳಿಗ್ಗೆ ಸೊಸೆಯ ಮುಂದೆ ಹಿರಿಯರಾದ ಚಾಚಾ ಕೂರುವುದು, ಮಧ್ಯಾಹ್ನ ಊಟದ ನಂತರ ನಾನು ಕೂರುವುದು ಎಂದು ಸಾಹೇಬರ ಅಪ್ಪಣೆಯಾಯಿತು.

ಆರು ತಿಂಗಳು ಅತ್ತೆ ಸೊಸೆ ಒಂದೇ ಮಾತು ಆಡಿದರು. ಆಮೇಲೆ ಶುರುವಾಯಿತು ನೋಡಿ ಜಗಳ! ಟಿಕೋಟಾದ ಜೋಳದ ಸರಾಸರಿಗೆ ಅತ್ತೆ ಒಂದು ಉತ್ತರ ಹೇಳಿದರೆ ಸೊಸೆ ಅದಕ್ಕಿಂತ ಕಡಿಮೆ ಹೇಳಿದಳು. ಅದೂ ದಿನಾ ಅಲ್ಲ. ಒಂದು ದಿನ ತಪ್ಪು, ಮರುದಿನ ಸರಿ, ಮತ್ತೊಂದು ದಿನ ಮೊದಲ ಸಲ ತಪ್ಪು, ಹತ್ತನೇ ಸಲ ಸರಿ. ಮಧ್ಯಾಹ್ನ ನಾನು ತಿರುವಿದರೆ ಮಾತ್ರ ಯಾವಾಗಲೂ ಸರಿ!

ಇಲ್ಲಿ ನಾನೊಂದು ಮಾತು ಹೇಳಿಬಿಡಬೇಕು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಮಶೀನಿನ ಹತ್ತಿರ ಚಹಾ ತರಬಾರದೆಂಬುದು ಚಾಚಾನ ಕಟ್ಟಪ್ಪಣೆ. ಒಂದು ಶುಕ್ರವಾರ ಅವರು ನಮಾಜಿಗೆ ಹೋಗಿದ್ದಾಗ ನಾನು ಸೊಸೆಯ ಪಕ್ಕದಲ್ಲೇ ಕಪ್ಪು ಬಸಿ ಇಟ್ಟುಕೊಂಡು ಕೂತೆ. ಮೊಣಕೈ ತಾಗಿತು. ಅರ್ಧ ಕಪ್ಪು ಚಹಾ, ವಿಜಾಪುರದ ಚಹಾ, ಎಂದರೆ ಹಾಲಿಗಿಂತ ಸಕ್ಕರೆಯೇ ಹೆಚ್ಚು, ಸೊಸೆಯ ಹೊಟ್ಟೆಗೆ ಇಳಿಯಿತು. ಎದ್ದು ನೋಡಿದೆ, ಯಾರೂ ಕಂಡಿರಲಿಲ್ಲ. ಕರವಸ್ತ್ರದಿಂದ ಮೇಲೆ ಮೇಲೆ ಒರೆಸಿದೆ. ಒಳಗಿನದು ಒಳಗೇ ಒಣಗಿತು. ಅಂಕಿ ಒಂಬತ್ತು ದಾಟಿ ಹತ್ತಕ್ಕೆ ಹೋಗುವಾಗ ಪಕ್ಕದ ಗಾಲಿಯನ್ನು ದೂಡಬೇಕಾದ ಒಂದು ಕಡ್ಡಿ ಸಕ್ಕರೆಯ ಅಂಟಿಗೆ ಆಗಾಗ ಹಿಡಿದುಕೊಳ್ಳುತ್ತಿತ್ತು. ರಾತ್ರಿಯೆಲ್ಲ ತಣ್ಣಗೆ ಕೂತ ಮಶೀನು ಬೆಳಿಗ್ಗೆ ಎಡವುತ್ತಿತ್ತು. ಚಾಚಾ ಅರ್ಧ ದಿನ ತಿರುವಿ ತಿರುವಿ ಸಡಿಲ ಮಾಡಿಟ್ಟ ಮೇಲೆ ನಾನು ಕೂತರೆ ಸರಿಯಾಗಿ ಓಡುತ್ತಿತ್ತು. ಎಂಟು ದಿನದಲ್ಲಿ ನನಗೆ ಇದೆಲ್ಲ ಗೊತ್ತಾಯಿತು. ಹೇಳಿದ್ದರೆ ಅಂದೇ ಮುಗಿಯುತ್ತಿತ್ತು. ಆದರೆ ನೌಕರಿ ಕಾಯಂ ಆಗಲು ನಾಲ್ಕೇ ತಿಂಗಳಿತ್ತು, ನಾನು ಸುಮ್ಮನಿದ್ದೆ.

ಸಾಹೇಬರು ಚಾಚಾನನ್ನು ಕರೆದರು. “ನೋಡ್ರಿ, ಹುಡುಗ ತಿರುವಿದ್ರ ಸರಿ ಬರತೈತಿ, ನೀವು ತಿರುವಿದ್ರ ತಪ್ಪ ಬರತೈತಿ. ನಿಮ್ಮ ಕೈ ಸೋತಾವು ಅಂತ ಕಾಣತೈತಿ. ಈ ತಿಂಗಳ ಆಖೇರಿತನಾ ನೋಡತೇನಿ. ಎರಡೂ ಮಶೀನ್ ಒಂದ ಉತ್ತರ ಹೇಳಲಿಲ್ಲಂದ್ರ ಟಪಾಲ್ ಟೇಬಲ್ಲಿಗೆ ಹೋಗ್ರಿ.”

ಟಪಾಲ್ ಟೇಬಲ್ಲೆಂದರೆ ಬಂದ ಕಾಗದಕ್ಕೆ ಠಸ್ಸೆ ಹೊಡೆಯುವ ಕೆಲಸ. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಇಡೀ ಜನ್ಮ ಒಂದೂ ಲೆಕ್ಕ ತಪ್ಪಿಸದ ಮನುಷ್ಯ ಕಡೆಯ ವರ್ಷ ಠಸ್ಸೆ ಹೊಡೆದು ಮನೆಗೆ ಹೋಗಬೇಕೆ? ಚಾಚಾನ ಮುಖ ಕಪ್ಪಿಟ್ಟಿತು. “ಒಂದ ತಿಂಗಳ ಸಾಕ್ರಿ. ಕಳ್ಳನ್ನ ಹಿಡೀತೇನಿ,” ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮರುದಿನದಿಂದ ಒಂದು ದಪ್ಪ ವಹಿ ಬಂತು. ಅದರ ತುಂಬ ಕಾಲಮ್ಮುಗಳು: ತಾರೀಖು, ಹೊತ್ತು, ಯಾವ ಮಶೀನು, ಯಾವ ಮೇಜು, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ತಿರುವಿದವರು ಉಂಡಿದ್ದರೋ ಹಸಿದಿದ್ದರೋ. “ಒಂದ ಸಲಕ್ಕ ಒಂದ ಬದಲ ಮಾಡಬೇಕು. ಎರಡ ಬದಲ ಮಾಡಿದ್ರ ಕಳ್ಳ ಪಾರಾಗತಾನ,” ಎಂಬುದು ಅವರ ನಿಯಮ. ಮೇಜು ಬದಲಾಯಿತು. ಕುರ್ಚಿ ಬದಲಾಯಿತು. ಅರ್ಧ ದಿನ ತಾವು ತಿರುವಿದ ಮೇಲೆ ಶಿಪಾಯಿಯಿಂದ ತಿರುವಿಸಿದರು, ಸರಿಯೇ ಬಂತು. ಅವನು ಹತ್ತು ಸುತ್ತಿಗೆ ಬೆವರಿ, “ಇದಕ್ಕಿಂತ ಬೀಸುಕಲ್ಲ ಚಲೋರಿ, ಹಿಟ್ಟರ ಬರತಿತ್ತು!” ಎಂದ.

ತಪ್ಪು ಟಿಕೋಟಾದಿಂದ ಬೆಳೆಯ ಅಂಕಿ ಬರೆದು ಕಳಿಸಿದ ಚೀಟಿಗಳಲ್ಲೇ ಇರಬಹುದೇ? ಅನುಮಾನ ಬಂದದ್ದೇ ತಡ, ಚಾಚಾ ಸಾಹೇಬರ ಅಪ್ಪಣೆ ಪಡೆದು, ಸೊಸೆಯನ್ನು ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಟಿಕೋಟಾದ ಮೇಲೆ ಹಾದುಹೋಗುವ ಹೊನವಾಡದ ಬಸ್ಸು ಹತ್ತಿದರು. ಜೊತೆಗೆ ನಾನು. ಕಂಡಕ್ಟರ್ ಬಂದು ಚಾದರದ ಗಂಟನ್ನು ನೋಡಿದ.

“ಕೂಸಿಂದು ವಯಸ್ಸೆಷ್ಟರಿ?”

ಚಾಚಾ ಸುಳ್ಳು ಹೇಳುವವರಲ್ಲ. “ಕಚೇರಿಗೆ ಬಂದು ಎಂಟ ತಿಂಗಳಾತು,” ಎಂದರು.

“ಹಂಗಾರ ಟಿಕೀಟ್ ಇಲ್ಲ, ಬಿಡ್ರಿ,” ಎಂದು ಅವನು ಮುಂದೆ ಹೋದ!

ಊರು ದಾಟಿದ ಮೇಲೆ ಚಾಚಾನಿಗೆ ತಡೆಯಲಾಗಲಿಲ್ಲ. ಓಡುವ ಬಸ್ಸಿನಲ್ಲಿ ಉತ್ತರ ಹೇಗೆ ಬರುತ್ತದೋ ನೋಡಬೇಡವೇ? ಚಾದರ ಸರಿಸಿ ಹಿಡಿಕೆ ತಿರುವಿದರು. ಬಸ್ಸು ತಗ್ಗಿಗೆ ಬಿದ್ದು ಕೈ ಹಿಂದಕ್ಕೆ ಹೋಯಿತು. ಟಣ್! ಡ್ರೈವರ್ ಗಕ್ಕನೆ ಬಸ್ಸು ನಿಲ್ಲಿಸಿದ. ಸುತ್ತ ಬರೀ ಎರೆಹೊಲ, ಒಂದು ಗಿಡವೂ ಇಲ್ಲ.

“ಯಾರ್ರಿ ಇಲ್ಲಿ ಇಳಿಯವರು?” ಎಂದು ಡ್ರೈವರ್ ಕೂಗಿದ. ಯಾರೂ ಇಳಿಯಲಿಲ್ಲ. ಇನ್ನೆರಡು ಸಲ ಹೀಗೇ ಆದ ಮೇಲೆ ಜನ ನಮ್ಮನ್ನೇ ಇಳಿಸಲು ಎದ್ದರು. ನಾನು ಕೈ ಮುಗಿದು ಕೂಡಿಸಿದೆ.

ಟಿಕೋಟಾದಲ್ಲಿ ಊರಿನ ಲೆಕ್ಕ ಬರೆಯುವ ತಲಾಟಿಯ ಕಟ್ಟೆಯ ಮೇಲೆ ಲೆಕ್ಕ ಮಾಡಿದರೆ ಆಶ್ಚರ್ಯ! ಇಪ್ಪತ್ತು ಸಲ ತಿರುವಿದರೆ ಇಪ್ಪತ್ತು ಸಲವೂ ಸರಿ. ಬಸ್ಸಿನ ಕುಲುಕಾಟಕ್ಕೆ ಕಡ್ಡಿ ಸಡಿಲಾಗಿತ್ತೆಂದು ಗೊತ್ತಿದ್ದವನು ನಾನೊಬ್ಬ. ಚಾಚಾ ಮಾತ್ರ ಕುಣಿಯುವುದೊಂದು ಬಾಕಿ. ಮರುದಿನ ಸಾಹೇಬರ ಮುಂದೆ ವಹಿ ತೆರೆದು, “ಮಶೀನ್ ಟಿಕೋಟಾದಾಗ ಸರಿ ಹೇಳತೈತ್ರಿ, ವಿಜಾಪುರದಾಗ ತಪ್ಪ ಹೇಳತೈತಿ,” ಎಂದರು.

“ಹಂಗಾರ ಕಚೇರೀನ ಟಿಕೋಟಾಕ್ಕ ಒಯ್ಯೂಣೇನ್ರಿ?” ಎಂದರು ಸಾಹೇಬರು. ಕಚೇರಿಯೆಲ್ಲ ನಕ್ಕಿತು. ನಗುವವರ ಜೊತೆ ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ತಿಂಗಳು ಮುಗಿಯುತ್ತ ಬಂತು. ವಹಿಯಲ್ಲಿ ಒಂದೊಂದೇ ಅನುಮಾನಕ್ಕೆ ಗೀಟು ಬಿತ್ತು. ಚೀಟಿಯಲ್ಲ, ಮೇಜಲ್ಲ, ಕಿಟಕಿಯಲ್ಲ, ಹಸಿವಲ್ಲ. ಶಿಪಾಯಿ ಇಣುಕಿ ನೋಡಿ, “ನನ್ನ ಹೆಸರ ಬರದೀರಿ, ಸಾಹೇಬರ ಹೆಸರೂ ಬರದೀರಿ. ಈ ಹುಡುಗನ ಹೆಸರ ಇಲ್ಲಲ್ಲರಿ?” ಎಂದು ಕೇಳಿದ.

“ಅವನ್ನೇನ ತಪಾಸ ಮಾಡೂದೋ? ಅವ ನಮ್ಮ ಮನಿ ಹುಡುಗ,” ಎಂದರು ಚಾಚಾ, ತಲೆ ಎತ್ತದೆಯೇ.

ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕಡೆಯ ದಿನ ವಹಿಯ ಕಡೆಯ ಸಾಲಿನಲ್ಲಿ ಗೀಟು ಬೀಳದೆ ಉಳಿದದ್ದು ಒಂದೇ: ‘ನನ್ನ ಕೈ.’ ಚಾಚಾ ವಹಿ ಮುಚ್ಚಿದರು. ಸಾಹೇಬರು ಹೇಳುವ ಮೊದಲೇ ಎದ್ದು ಟಪಾಲ್ ಟೇಬಲ್ಲಿಗೆ ಹೋಗಿ ಕೂತರು.

ಮಾಡಿದ್ದನ್ನು ಸರಿಮಾಡುತ್ತೇನೆಂದು ಭಾನುವಾರ ಶಿಪಾಯಿಯ ಬಳಿ ಬೀಗದ ಕೈ ಇಸಿದುಕೊಂಡು, ಒಬ್ಬನೇ ಕಚೇರಿಗೆ ಹೋಗಿ, ಸೊಸೆಯ ಮುಚ್ಚಳ ಬಿಚ್ಚಿ, ಸೀಮೆಎಣ್ಣೆಯಿಂದ ತೊಳೆದು ಎಣ್ಣೆ ಹಾಕಿದೆ. ಎಂಥ ಬುದ್ಧಿವಂತ! ಸೋಮವಾರದಿಂದ ಸೊಸೆ ಬೆಳಿಗ್ಗೆಯೂ ಸರಿ, ಸಂಜೆಯೂ ಸರಿ. ಚಾಚಾ ಎದ್ದರು, ಮಶೀನು ನೆಟ್ಟಗಾಯಿತು! ಕಚೇರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಒಂದೇ ಒಂದು ಬದಲು ಮಾಡಿ ನೋಡಬೇಕೆನ್ನುವ ಚಾಚಾನಿಗಂತೂ ಬೇಕೇ ಇರಲಿಲ್ಲ. ನಾನು ತೊಳೆದದ್ದು ಅವರ ಮೇಲಿನ ಅಪವಾದವನ್ನಲ್ಲ, ನನ್ನ ಕಳ್ಳತನದ ಗುರುತನ್ನು. ನನ್ನ ನೌಕರಿ ಕಾಯಂ ಆಯಿತು. ಮೊದಲ ಪೇಢೆ ಚಾಚಾನೇ ತಂದು ನನ್ನ ಬಾಯಿಗೆ ಹಾಕಿದರು.

ನಿವೃತ್ತರಾಗಿ ಅವರು ಸ್ವಂತ ಊರು ಬಬಲೇಶ್ವರಕ್ಕೆ ಹೋದರು. ಎರಡು ತಿಂಗಳ ಮೇಲೆ, ಇವತ್ತು ಹೇಳಿಯೇ ತೀರುತ್ತೇನೆಂದು ನಿಶ್ಚಯ ಮಾಡಿ ನಾನೂ ಹೋದೆ. ಚಾಚಾ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. “ಏ, ನೋಡ ಬಾ ಇಲ್ಲೆ, ಯಾರ ಬಂದಾನ!” ಎಂದು ಚಾಚಿಯನ್ನು ಕೂಗಿದರು.

“ಚಾಚಾ, ನಿಮಗೊಂದ ಮಾತ ಹೇಳಬೇಕಿತ್ರಿ. ಆ ಹೊಸ ಮಶೀನ್...” ಎಂದು ಶುರುಮಾಡಿದೆ.

“ಹಾಂ, ಅದರ ಮಾತ ನಾನೂ ಕೇಳಬೇಕಂತಿದ್ದೆ,” ಎಂದು ಅವರು ನನ್ನ ಕೈ ಹಿಡಿದುಕೊಂಡರು. ದನಿ ಸಣ್ಣದಾಯಿತು. “ಅದರ ತಪ್ಪ ಏನೂ ಇರಲಿಲ್ಲ ತಮ್ಮಾ. ತಪ್ಪ ನನ್ನ ಕೈಯಾಗ ಇತ್ತು. ಒಂದ ತಿಂಗಳ ಅದರ ಮ್ಯಾಲ ಸುಳ್ಳ ಆರೋಪ ಹೊರಿಸಿದೆ, ಬಸ್ಸಿನ್ಯಾಗ ಹೊತ್ತ ತಿರುಗಿಸಿದೆ, ನಾಕ ಮಂದ್ಯಾಗ ಅದರ ಹೆಸರ ಕೆಡಿಸಿದೆ. ಪಾಪ, ಅದಕ್ಕ ಬಾಯಿಲ್ಲ, ಹೇಳಿಕೊಳ್ಳಾಕ. ನೀ ನಾಳೆ ಕಚೇರಿಗೆ ಹೋದಾಗ ನನ್ನ ಪರವಾಗಿ ಅದರ ಕಡೆ ಒಂದ ಮಾಫಿ ಕೇಳಿಬಿಡು. ನಗಬ್ಯಾಡ, ಖರೇನ ಕೇಳು.”

ನಾನು ನಗಲಿಲ್ಲ. “ಹೂಂ ರಿ,” ಎಂದೆ. ಅಷ್ಟೇ ಎಂದೆ.

ಮರುದಿನ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಸೊಸೆಯ ಮುಂದೆ ನಿಂತು, ಚಾಚಾ ಹೇಳಿಕಳಿಸಿದ ಮಾಫಿಯನ್ನು ಒಂದು ಅಕ್ಷರ ಬಿಡದೆ ಮುಟ್ಟಿಸಿದೆ. ನನ್ನದನ್ನು ಚಾಚಾನಿಗೆ ಮುಟ್ಟಿಸಲು ಮತ್ತೊಮ್ಮೆ ಬಬಲೇಶ್ವರದ ಬಸ್ಸು ಹತ್ತುವಷ್ಟರಲ್ಲಿ ಚಾಚಾ ಇರಲಿಲ್ಲ.