ಬೇಕರಿಯ ಕಿತ್ತಳೆ ಬೆಳಕು

ಬೇಕರಿಯಮ್ಮ ಚೀಟಿಯಲ್ಲಿ ಬರೆದುಕೊಟ್ಟಿದ್ದು ಆರೇ ಅಕ್ಷರ: FFA040. ತಿಳಿ ಕಿತ್ತಳೆಯ ಸಂಕೇತ. ಮೊದಲ ಜೋಡಿ ಕೆಂಪಿಗೆ, ನಡುವಿನದು ಹಸಿರಿಗೆ, ಕೊನೆಯದು ನೀಲಿಗೆ. ಅವುಗಳನ್ನು ಅಂಕಿಗಳಾಗಿಸಿ ಬೇಕರಿಯ ಹೊಸ ಬೋರ್ಡಿನ ದೀಪಗಳಿಗೆ ಕಳಿಸುವ ಪ್ರೋಗ್ರಾಂ ಬರೆದವನು ಮೌನಿ. ಬೋರ್ಡ್ ಮಾಡುವ ಅಂಗಡಿಯಲ್ಲಿ ಅವನಿಗೆ ಇದ್ದದ್ದು ಅದೊಂದೇ ಹೆಸರು. ಈ ಬೋರ್ಡ್ ಸರಿಯಾಗಿ ಉರಿದರೆ ಇಂದೇ ಕೆಲಸ ಖಾಯಂ ಎಂದಿದ್ದರು ಮಾಲೀಕರು.

ಬೋರ್ಡ್ ಉರಿಯಿತು. ಆಕಾಶನೀಲಿ.

"ಅಯ್ಯೋ, ನನ್ನ ಬ್ರೆಡ್ಡೆಲ್ಲ ಬೂಷ್ಟು ಹಿಡಿದಂಗೆ ಕಾಣ್ತಿದೆಯಲ್ರೀ! ಐದು ಗಂಟೆಗೆ ಬೋರ್ಡ್ ನೋಡೋಕೆ ಜನ ಬರ್ತಾರೆ!"

ಪಕ್ಕದಂಗಡಿಯ ದರ್ಜಿ ಕತ್ತರಿ ಹಿಡಿದುಕೊಂಡೇ ಬಂದ. "ದೂರ ನಿಂತು ನೋಡಿ ಅಮ್ಮ, ಸ್ವಲ್ಪ ಕಿತ್ತಳೆ ಥರಾನೇ ಇದೆ."

"ಎಷ್ಟು ದೂರ? ನಮ್ಮ ತವರಿಂದಾನಾ?"

ಎಲ್ಲಿ ಏನು ಕೆಟ್ಟರೂ ತನ್ನದೇ ತಪ್ಪಿರಬೇಕು ಎಂದುಕೊಳ್ಳುವುದು ಮೌನಿಯ ಹಳೆಯ ಅಭ್ಯಾಸ. ಬೋರ್ಡ್ ಆರಿಸಿ, ಲ್ಯಾಪ್‌ಟಾಪ್ ಎತ್ತಿಕೊಂಡು ಹಿಟ್ಟಿನ ಮೂಟೆಗಳ ಸಂದಿಗೆ ಹೋಗಿ ಕೂತ. ಕೆಂಪು, ನೀಲಿ ಜೋಡಿಗಳು ಅದಲುಬದಲಾಗಿ ಹೋಗಿರಬೇಕು ಎಂದುಕೊಂಡು ಪ್ರೋಗ್ರಾಂ ತಿದ್ದಿದ. ಹೊರಗೆ ಬಂದು ಸ್ವಿಚ್ ಹಾಕಿದ.

ಮತ್ತೆ ನೀಲಿ.

"ಏನಯ್ಯ ಮಾಡಿದೆ?" ಮಾಲೀಕರ ದನಿ ಕಾದ ಬಾಣಲೆಯಂತೆ ಚುರುಗುಟ್ಟಿತು.

"ಅದಲುಬದಲು ಮಾಡಿದೆ ಸಾರ್, ಕೆಂಪು ನೀಲಿ."

ಏಣಿಯ ಮೇಲಿದ್ದ, ಬೋರ್ಡ್ ಅಂಗಡಿಯ ಎಲೆಕ್ಟ್ರಿಷಿಯನ್ ಫ್ಯೂಸಣ್ಣ ಕೆಳಗೆ ಬಗ್ಗಿದ. "ನಾನೂ ಅದನ್ನೇ ಮಾಡಿದ್ನಲ್ಲ! ಈಗ ತಾನೇ ಕೆಂಪು ವೈರ್ ನೀಲಿಗೆ, ನೀಲಿ ವೈರ್ ಕೆಂಪಿಗೆ ಹಾಕ್ದೆ."

"ಹೇಳ್ಬಾರ್ದಾಗಿತ್ತಾ ಅಣ್ಣ?"

"ನೀನು ಬಾಯಿ ಬಿಟ್ಟಿದ್ರೆ ತಾನೇ ನಾನು ಬಿಡೋದು!"

"ಯಾರಾದ್ರೂ ಒಬ್ಬರು ವಾಪಸ್ ಮಾಡ್ರಯ್ಯ!" ಎಂದರು ಮಾಲೀಕರು. ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಮೌನಿ ಮೂಟೆಗಳ ಸಂದಿಗೆ ಮರಳಿದ. ಪಾಪ, ಈ ವಯಸ್ಸಿನಲ್ಲಿ ಫ್ಯೂಸಣ್ಣ ಮತ್ತೆ ಆ ವೈರುಗಳನ್ನೆಲ್ಲ ಬಿಚ್ಚಬೇಕೇ? ತನ್ನದಾದರೆ ಪ್ರೋಗ್ರಾಂಗೆ ಸೇರಿಸಿದ ಒಂದೇ ಸಾಲು. ಸದ್ದಿಲ್ಲದೆ ಅಳಿಸಿದ. ಮನಸ್ಸು ಹಗುರವಾಯಿತು. ಇನ್ನೊಬ್ಬರಿಗಾಗಿ ಸೋಲುವುದರಲ್ಲಿ ಎಂಥದೋ ಸುಖವಿದೆ ಅನ್ನಿಸಿತು.

ಐದಕ್ಕೆ ಜನ ನೆರೆದರು. ಬೇಕರಿಯಮ್ಮ ತಾವೇ ಸ್ವಿಚ್ ಒತ್ತಿದರು.

ನೀಲಿ.

ಫ್ಯೂಸಣ್ಣ ಸ್ಕ್ರೂಡ್ರೈವರನ್ನು ಮೆಲ್ಲಗೆ ಜೇಬಿಗಿಳಿಸಿದ. "ಹುಡುಗನ ಕೆಲಸ ಖಾಯಮ್ಮಾಗ್ಲಿ ಅಂತ... ನಂದೇ ವಾಪಸ್ ಮಾಡ್ದೆ."

ಮೌನಿಯ ಕೆಲಸ ಖಾಯಂ ಆಗಲಿಲ್ಲ. ಇನ್ನಾರು ತಿಂಗಳು ನೋಡೋಣ ಎಂದ ಮಾಲೀಕರು, ಇಬ್ಬರೂ ಮಾತಾಡುವುದನ್ನು ಕಲಿಯಲಿ ಎಂದು ಮರುದಿನವೇ ಅವರನ್ನು ಒಂದೇ ಮೇಜಿಗೆ ಎದುರುಬದುರು ಕೂರಿಸಿದರು.

ಅಂದಿನಿಂದ ಇಬ್ಬರೂ, ಮೊದಲು ಎದುರಿನವರೇ ಮಾತಾಡಲಿ ಎಂದು ಒಬ್ಬರನ್ನೊಬ್ಬರು ಕಾಯುತ್ತಿದ್ದಾರೆ.